ಯಜಮಾನನ ಕೆಂಪು ಟೋಪಿ

ಆಫ್ರಿಕಾದ ಆ ಊರಿನ ಯಜಮಾನನಿಗೆ ಬಿಳಿ ದೊರೆ ಕೊಟ್ಟ ಕೆಂಪು ಟೋಪಿ ಎಷ್ಟು ದೊಡ್ಡದೆಂದರೆ, ಅದರ ನೆರಳಲ್ಲಿ ಏಳೂರಿನ ಮೇಕೆಗಳು ಮಲಗುತ್ತಿದ್ದವು. ಟೋಪಿ ತಲೆ ಮೇಲಿದ್ದರಷ್ಟೇ ಅವನ ಮಾತು ಕಾನೂನು. ಅದನ್ನು ಹಾಕಿಕೊಂಡೇ ಅವನು, ಇನ್ನು ಹೆಂಗಸರೂ ದೊರೆಗೆ ಕಂದಾಯ ಕಟ್ಟಬೇಕೆಂದು ಡಂಗುರ ಹೊಡೆಸಿದ.

ಮರುದಿನ ಬೆಳಗ್ಗೆ ಅವನ ಮನೆಯಂಗಳದಲ್ಲಿ ಹತ್ತು ಸಾವಿರ ಹೆಂಗಸರು ಕೂತಿದ್ದರು. ತಪ್ಪು ಮಾಡಿದ ಗಂಡಸಿನ ಗುಟ್ಟುಗಳನ್ನು ಅವನ ಮನೆ ಮುಂದೆಯೇ ಹಾಡಿ ಮಾನ ಕಳೆಯುವುದು ಅಲ್ಲಿನ ಪದ್ಧತಿ.

"ಟೋಪಿ ಕೊಡೋ ಯಜಮಾನಾ!"

"ತಲೆ ಬೇಕಾದ್ರೆ ಕೊಟ್ಟೇನು, ಟೋಪಿ ಕೊಡಲ್ಲ!" ಎಂದು ಅವನು ಕಿಟಕಿಯಿಂದ ಗುಡುಗಿದ.

ಅವರು ಹಾಡತೊಡಗಿದರು. ಸಿಡಿಲು ಬಡಿದರೆ ಅವನು ಮಂಚದಡಿ ನುಸುಳುವುದನ್ನು ಹಾಡಿದರು. ನಿದ್ದೆಯಲ್ಲಿ "ಅವ್ವಾ, ಅವ್ವಾ" ಎಂದು ಕನವರಿಸುವುದನ್ನೂ ಬಿಡಲಿಲ್ಲ. ಅವರ ಹಾಡು-ನಗುವಿನ ಅಬ್ಬರಕ್ಕೆ ಮೂರು ಹರದಾರಿ ದೂರದ ತಾಳೆಮರಗಳಿಂದ ಹಣ್ಣು ಉದುರಿದವು.

ಯಜಮಾನನ ಬೆವರು ಹೊಸಿಲು ದಾಟಿ ಹರಿಯಿತು. ಈ ಹಾಳಾದವರಿಗೆ ಇದೆಲ್ಲ ಹೇಗೆ ಗೊತ್ತಾಯಿತೆಂದು ಅವನಿಗೆ ಹೊಳೆಯಲೇ ಇಲ್ಲ.

"ಲೇ ಇವಳೇ," ಎಂದು ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕರೆದ. "ಹೋಗಿ ಅವರ ಬಾಯಿ ಮುಚ್ಚಿಸೇ. ಹೆಂಗಸರಿಗೆ ಹೆಂಗಸರೇ ಸರಿ."

"ಹೋಗ್ತೀನಿ ಕಣ್ರೀ. ಆದ್ರೆ ಬರಿ ತಲೇಲಿ ಹೋದ್ರೆ ನನ್ನ ಮಾತು ಯಾರು ಕೇಳ್ತಾರೆ?"

ಅದೂ ನಿಜವೆನಿಸಿತು. ಅವನು ತನ್ನ ಕೈಯಾರೆ ಟೋಪಿ ತೆಗೆದು ಅವಳ ತಲೆಗಿಟ್ಟ. ಅವಳು ಅಂಗಳಕ್ಕಿಳಿದಳು, ಹಾಡು ತಟ್ಟನೆ ನಿಂತಿತು. ಯಜಮಾನ ಎದೆಯುಬ್ಬಿಸಿ ಕಿಟಕಿಗೆ ಕಿವಿಯಿಟ್ಟ.

"ಸಿಕ್ತು ಕಣ್ರೇ, ಏಳಿ! ಪಕ್ಕದೂರಿನ ಯಜಮಾನನ ಹೆಂಡ್ತಿ ಕಾಯ್ತಿದ್ದಾಳೆ."