ಎದೆಬಡಿತ ಇಳಿಯುವ ತನಕ

ಎದೆಗೆ ವೈರುಗಳನ್ನು ಅಂಟಿಸಿಕೊಂಡು ಮಲಗಿದ್ದಲ್ಲಿಂದಲೇ ಅವಳು ಚೀಲದೊಳಗೆ ಕೈಯಾಡಿಸಿ ಗಂಡನ ಕನ್ನಡಕ ಹುಡುಕುತ್ತಿದ್ದಳು.

"ಅಮ್ಮಾ, ಕೈ ಅಲ್ಲಾಡಿಸ್ಬೇಡಿ," ನರ್ಸ್ ಗದರಿದಳು. "ಎದೆಬಡಿತ ತೊಂಬತ್ತೆರಡು ತೋರಿಸ್ತಿದೆ. ಅರವತ್ತರ ಹತ್ರ ಇಳೀಬೇಕು. ಇಲ್ದಿದ್ರೆ ಸ್ಕ್ಯಾನ್‌ನಲ್ಲಿ ಚಿತ್ರ ಕಲಸಿಹೋಗುತ್ತೆ."

"ಮಾತ್ರೆ ಕೊಟ್ಟಾಯ್ತಲ್ಲ ಸಿಸ್ಟರ್?" ಗಂಡ ಕುರ್ಚಿಯನ್ನು ಮಂಚಕ್ಕೆ ಇನ್ನಷ್ಟು ಒತ್ತಿದ. "ಇವಳದು ಯಾವಾಗ್ಲೂ ಹೀಗೇ, ಸುಮ್‌ಸುಮ್ನೆ ಗಾಬರಿ. ಏ, ಉಸಿರು ನಿಧಾನ ತಗೋ. ಹಾಗಲ್ಲ, ಹೀಗೆ." ಅವನೇ ಮೂಗರಳಿಸಿ ತೋರಿಸಿದ. "ಉಸಿರಾಡೋದನ್ನೂ ನಾನೇ ಹೇಳ್ಕೊಡ್ಬೇಕು ನೋಡಿ."

ನರ್ಸ್ ನಕ್ಕಳು. ಅಭ್ಯಾಸಬಲದಿಂದ ಅವಳೂ ನಕ್ಕಳು.

ಮೆಟ್ಟಿಲು ಹತ್ತುವಾಗ ಎದೆ ಹಿಂಡಿದಂತಾಗುತ್ತದೆ ಎಂದಾಗ ಡಾಕ್ಟರು ಎರಡು ದಾರಿ ಹೇಳಿದ್ದರು. ಹೃದಯದ ರಕ್ತನಾಳ ಕಿರಿದಾಗಿದೆಯೇ ಎಂದು ಹೊರಗಿನಿಂದಲೇ ನೋಡುವ ಸ್ಕ್ಯಾನು; ಮಧ್ಯಾಹ್ನಕ್ಕೆ ಮನೆ. ಬಡಿತ ಇಳಿಯದಿದ್ದರೆ ಮಣಿಕಟ್ಟಿನಿಂದ ಸಣ್ಣ ನಳಿಗೆ ತೂರಿಸಿ ನೋಡಬೇಕು. ಅದರಲ್ಲಿ ಸ್ವಲ್ಪ ಅಪಾಯವಿದೆ, ರಾತ್ರಿ ಇಲ್ಲೇ ಉಳಿಯಬೇಕು, ಜೊತೆಗೆ ಯಾರನ್ನೂ ಬಿಡುವುದಿಲ್ಲ.

"ಸ್ಕ್ಯಾನೇ ಆಗ್ಲಿ ಡಾಕ್ಟ್ರೇ. ಇವಳಿಲ್ದಿದ್ರೆ ಮನೇಲಿ ಲೋಟ ಎಲ್ಲಿದೆ ಅಂತಾನೂ ನಂಗೊತ್ತಾಗಲ್ಲ," ಎಂದು ಗಂಡ ಮಾತು ಮುಗಿಸಿದ್ದ.

ಈಗ ಅವನ ಫೋನು ಬಡಿದುಕೊಂಡಿತು. ಮಾತಾಡುತ್ತಾ ಕಾರಿಡಾರಿಗೆ ಹೋದ.

"ಎಂಬತ್ತು... ಎಪ್ಪತ್ತು... ಅರೆ, ಅರವತ್ತೆರಡಕ್ಕೆ ಬಂದೇಬಿಡ್ತಲ್ಲಮ್ಮಾ!" ನರ್ಸಿನ ಮುಖ ಅರಳಿತು. "ಮಾತ್ರೆ ಹಿಡೀತು ನೋಡಿ. ಇರಿ, ಒಳಗೆ ರೆಡಿನಾ ಕೇಳ್ಕೊಂಡು ಬರ್ತೀನಿ."

ಮಾತ್ರೆಯಲ್ಲ ಎಂದು ಅವಳಿಗೆ ತಿಳಿದುಹೋಗಿತ್ತು. ಹೊಸ್ತಿಲಲ್ಲಿ ಅವನ ಚಪ್ಪಲಿಯ ಸದ್ದಾದಾಗಲೆಲ್ಲ ಎದೆಯೊಳಗೆ ಏರುತ್ತಿದ್ದ ಬಡಿತವನ್ನು ಮೊದಮೊದಲು ಪ್ರೀತಿ ಎಂದುಕೊಂಡಿದ್ದಳು, ಆಮೇಲೆ ವಯಸ್ಸು ಎಂದುಕೊಂಡಿದ್ದಳು. ಅವನು ಹೊಡೆದವನಲ್ಲ, ಬೈದವನೂ ಅಲ್ಲ. ಯಾರ ಮುಂದೆ ಏನೆಂದು ಹೇಳುವುದು? ಸ್ಕ್ಯಾನಿನಲ್ಲಿ ಏನು ಕಂಡರೂ ಕಾಣದಿದ್ದರೂ ಮಧ್ಯಾಹ್ನ ಅದೇ ಮನೆಗೆ ಹೋಗಬೇಕು.

ಪರದೆಯ ಸಂದಿಯಲ್ಲಿ ಪಕ್ಕದ ವಾರ್ಡು ಕಾಣುತ್ತಿತ್ತು. ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡ ಹೆಂಗಸೊಬ್ಬಳು ಹಾಡಹಗಲೇ, ಬಾಯಿ ತೆರೆದುಕೊಂಡು, ಗಾಢ ನಿದ್ದೆಯಲ್ಲಿದ್ದಳು. ಯಾರೂ ಅವಳನ್ನು ಎಬ್ಬಿಸುತ್ತಿರಲಿಲ್ಲ.

ನರ್ಸ್ ವಾಪಸು ಬರುತ್ತಿರುವ ಸದ್ದು ಕೇಳಿಸಿತು. ಅವಳು ಮಲಗಿದ್ದಲ್ಲಿಂದಲೇ ತಲೆಯೆತ್ತಿ ಕಾರಿಡಾರಿನ ಕಡೆಗೆ ಕೂಗಿದಳು.

"ರೀ, ಒಳಗೆ ಬನ್ನಿ. ಇಲ್ಲೇ, ನನ್ನ ಪಕ್ಕದಲ್ಲೇ ಕೂತ್ಕೊಳ್ಳಿ."