ನಾಲ್ಕು ತೆಕ್ಕಿಯ ಹುಣಸಿಗಿಡ

ಇವತ್ತು ನಮ್ಮ ಗೇಟಿನ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದಾರೆ. ಆ ಹಸಿ ಬಣ್ಣದ ವಾಸನೆಗೆ ನಾನು ಚಿಕ್ಕವಳಿದ್ದಾಗ ಅಜ್ಜಿಯ ಊರು ಗೊಳಸಂಗಿಯಲ್ಲಿ ಕಳೆದ ಒಂದು ಮಧ್ಯಾಹ್ನ ನೆನಪಾಯಿತು.

ಹಳ್ಳದ ದಂಡೆಯ ದಟ್ಟ ಬನದಲ್ಲಿ ಇಬ್ಬರು ಸಾಹೇಬರು ಹಳೇ ಗಿಡಗಳಿಗೆ ಟೇಪು ಸುತ್ತಿ, ಅಳತೆ ಬರೆದುಕೊಳ್ಳುತ್ತಿದ್ದರು. ಅವರಿಗೆ ಚಹಾ ತಂದಿದ್ದ ನನ್ನ ಅಜ್ಜಿಗೆ ಹಿಗ್ಗೋ ಹಿಗ್ಗು. ಜೊತೆಗಿದ್ದ ನನಗೆ ಹೇಳಿದಳು: "ನೋಡವ್ವಾ, ಸರ್ಕಾರ ಗಿಡದ ಹೆಸರೂ ಬರಕೊಳ್ಳಾಕತ್ತೈತಿ!"

ಅವರು ಹೊರಟಾಗ ಅವಳೇ ತಡೆದಳು. "ದೊಡ್ಡದನ್ನ ಬಿಟ್ಟೀರಲ್ರಿ." ಮುಳ್ಳುಕಂಟಿ ಸರಿಸಿ, ಒಳಗಿದ್ದ ಹುಣಸಿಗಿಡ ತೋರಿಸಿದಳು. ಒರಟು ತೊಗಟೆಗೆ ಕೆನ್ನೆ ಒತ್ತಿ, ತೋಳು ಚಾಚಿ ತಬ್ಬುತ್ತ ಸುತ್ತಲೂ ಅಳೆದಳು. "ನಮ್ಮತ್ತಿ ಕಾಲಕ್ಕ ಮೂರು ತೆಕ್ಕಿ ಇತ್ರಿ. ಈಗ ನಾಲ್ಕು!"

ಸಾಹೇಬರೊಬ್ಬರು ಟೇಪು ಸುತ್ತಿದರು. "ಇದರಾಗ ಎಷ್ಟು ಟನ್ ಕಟ್ಟಿಗಿ ಬಂದೀತು?" ಎಂದು ಜೊತೆಯವರನ್ನು ಕೇಳಿದರು. ಜೊತೆಯವರು ಕೆಂಪು ಬಣ್ಣದಲ್ಲಿ ಬ್ರಶ್ ಅದ್ದಿ, ಕಾಂಡದ ಮೇಲೆ ನಂಬರ್ ಬರೆದರು. ಅಜ್ಜಿ ಖಾಲಿ ಕಪ್ಪುಗಳನ್ನು ಹಿಡಿದು ನಿಂತೇ ಇದ್ದಳು.

ಅವರು ಹೋದ ಮೇಲೆ ಸೆರಗನ್ನು ಹಳ್ಳದ ನೀರಲ್ಲಿ ಅದ್ದಿ ನಂಬರ್ ತಿಕ್ಕಿದಳು. ತೊಗಟೆ ಎದ್ದು ಬಂತು, ಬಣ್ಣ ಹೋಗಲಿಲ್ಲ.

"ಮನ್ಯಾಗ ಹೇಳಬ್ಯಾಡವ್ವಾ," ಎಂದಳು, ಸೆರಗು ಹಿಂಡುತ್ತ. "ಇದನ್ನ ತೋರಿಸಿದಾಕಿ ನಾ ಅಂತ."