ಸಾಯದ ಕೋಶಗಳ ಚಿತ್ರ

ಒಂದಾನೊಂದು ಊರಿನಲ್ಲಿ ಸಾಯಲೊಲ್ಲದ ಕ್ಯಾನ್ಸರ್ ಕೋಶಗಳಿದ್ದವು. ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣವಿಟ್ಟ ರಾಕ್ಷಸನ ಹಾಗೆ, ಏನು ಮಾಡಿದರೂ ಬದುಕುತ್ತಿದ್ದವು. ಅವನ್ನು ಕೊಲ್ಲುವ ಔಷಧಿ ಸಿಕ್ಕಿತೆಂದು ಡಂಗುರ ಸಾರಿದ ಮೇಷ್ಟ್ರೊಬ್ಬರಿದ್ದರು. ಸತ್ತ ಕೋಶಗಳ ಚಿತ್ರ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗಿತ್ತು.

ಆ ಚಿತ್ರ ತಪ್ಪು ಎಂದು ಅವರ ಶಿಷ್ಯೆ ಕಂಡುಹಿಡಿದಳು.

"ಇದು ಬೇರೆ ಔಷಧಿ ಹಾಕಿದ ತಟ್ಟೆ ಸರ್. ಹಿಂದಿನ ಪುಟದ ಚಿತ್ರವನ್ನೇ ತಲೆಕೆಳಗು ಮಾಡಿದ ಹಾಗಿದೆ."

ಮೇಷ್ಟ್ರು ಕಿಟಕಿಯ ಕಡೆ ನೋಡಿದರು. "ಅದಲುಬದಲಾಗಿರಬೇಕು. ನಮ್ಮದನ್ನ ಹುಡುಕು."

ನಿಜದ ಚಿತ್ರ ಹಳೆಯ ಡಿಸ್ಕಿನಲ್ಲಿ ಸಿಕ್ಕಿತು. ಅದರ ತುಂಬ ಉಂಡು ಕೊಬ್ಬಿದ ಕೋಶಗಳು.

"ತಿದ್ದುಪಡಿ ಕಳಿಸೋಣ ಸರ್. ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ಈ ಔಷಧಿನ ರೋಗಿಗಳಿಗೆ ಕೊಡೋಕೆ ಶುರು ಮಾಡ್ತಾರೆ. ಅವರು ಇದನ್ನೇ ನಂಬ್ಕೊಂಡು, ಈಗಿರೋ ಚಿಕಿತ್ಸೆನೂ ಬಿಟ್ಟು ಬರ್ತಾರೆ."

"ಕಳಿಸೋಣ, ಮಾತು ಕೊಡ್ತೀನಿ. ಮೊದಲು ಇನ್ನೊಂದು ಸಲ ಪ್ರಯೋಗ ಮಾಡು."

ಮಂಜುಗಡ್ಡೆಯ ಡಬ್ಬಿಯಿಂದ ಪುಟ್ಟ ಸೀಸೆಯೊಂದನ್ನು ತಾವೇ ತೆಗೆದುಕೊಟ್ಟರು. ಆಸ್ಪತ್ರೆಯಿಂದ ಬಂದ, ರೋಗಿಯೊಬ್ಬರ ಹೊಸ ಕೋಶಗಳು ಎಂದರು.

ಅವೂ ಸಾಯಲಿಲ್ಲ.

"ಪ್ರಮಾಣ ಜಾಸ್ತಿ ಮಾಡು."

ಆಗಲೂ ಸಾಯಲಿಲ್ಲ. "ಮತ್ತೆ ಮಾಡು," ಎಂದರು ಮೇಷ್ಟ್ರು. ದಿನದಿಂದ ದಿನಕ್ಕೆ ಸೊರಗಿದರು. ಮನೆಯಿಂದ ಫೋನು ಬಂದರೆ ಹೊರಗೆ ಹೋಗಿ, "ಇನ್ನೂ ನೋಡ್ತಾ ಇದೀವಿ, ನೀನು ಊಟ ಮಾಡು," ಎನ್ನುತ್ತಿದ್ದರು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ," ಎಂದು ಪಕ್ಕದ ಮೇಜಿನ ಗೆಳತಿ ಪಿಸುಗುಟ್ಟಿದಳು. "ಅಂಗಿ ನೋಡೇ, ಗೂಟಕ್ಕೆ ನೇತುಹಾಕಿದ ಹಾಗಿದೆ. ಕಟ್ಟಿದ ಹೆಸರು ಹೋಗುತ್ತಲ್ಲ, ಆ ಭಯ."

ಶಿಷ್ಯೆಗೂ ಹಾಗೇ ಅನ್ನಿಸಿತ್ತು. ಗುರುವೆಂಬ ಗೌರವ ನಾಲಿಗೆಯನ್ನು ಕಟ್ಟಿಹಾಕಿತ್ತು, ಅಷ್ಟೇ.

ಒಂದು ಮಧ್ಯಾಹ್ನ ಮೇಷ್ಟ್ರೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತರು. ಬಹಳ ಹೊತ್ತು ಏಳಲೇ ಇಲ್ಲ.

"ಒಂದೂ ಸತ್ತಿಲ್ವೇನಮ್ಮ?"

"ಇಲ್ಲ ಸರ್. ಎಲ್ಲ ಗುಂಡುಕಲ್ಲಿನ ಹಾಗಿವೆ."

"ಹಠಮಾರಿಗಳು," ಎಂದು ನಕ್ಕರು. "ಇನ್ನೊಂದೇ ಒಂದು ಸಲ..."

ಅವಳ ತಾಳ್ಮೆ ಹರಿಯಿತು. "ನಿಮ್ಮ ಹೆಸರಿಗಿಂತ ರೋಗಿಯ ಜೀವ ದೊಡ್ಡದಲ್ವಾ ಸರ್?"

ಗೆಳತಿ ತಲೆ ತಗ್ಗಿಸಿದಳು.

"ದೊಡ್ಡದೇ," ಎಂದು ಮೇಷ್ಟ್ರು ಕುರ್ಚಿ ಎಳೆದುಕೊಂಡರು. "ತಿದ್ದುಪಡಿ ಬರಿ. ನಾನು ಹೇಳ್ತಾ ಹೋಗ್ತೀನಿ."

ತಪ್ಪು ಚಿತ್ರ ಹೋಯಿತು, ನಿಜದ ಚಿತ್ರ ಬಂತು. ಹೊಸ ಪ್ರಯೋಗದ ಚಿತ್ರಗಳೂ ಸೇರಿದವು. ಈ ಔಷಧಿ ಕೋಶಗಳನ್ನು ಕೊಲ್ಲುವುದಿಲ್ಲ ಎಂದು ಮೇಷ್ಟ್ರು ತಡವರಿಸದೆ ಹೇಳಿ ಬರೆಸಿದರು. ಅವಳಿಗೆ ಗೆದ್ದ ಹಾಗೆನಿಸಿತು.

"ಹೊಸ ಕೋಶಗಳು ಯಾರವು ಅಂತ ತಿಳಿಸಬೇಕಲ್ಲ ಸರ್?"

"ಗಂಡಸು, ಐವತ್ತೆಂಟು ವರ್ಷ ಅಂತ ಹಾಕು."

"ಆ ರೋಗಿಯ ಒಪ್ಪಿಗೆ ಕೇಳಿದೀರಾ? ಪಾಪ, ಈ ಔಷಧಿ ಮೇಲೆ ಆಸೆ ಇಟ್ಕೊಂಡಿರಬಹುದು."

"ಇಟ್ಕೊಂಡಿದ್ದ," ಎಂದರು ಮೇಷ್ಟ್ರು. ಕೈ ಚಾಚಿ, ಕಳಿಸುವ ಗುಂಡಿಯನ್ನು ತಾವೇ ಒತ್ತಿದರು. "ಅವು ನನ್ನವೇ ಕಣಮ್ಮ."